ಕೋಳಿ ಅನ್ನವೂ ಊರಿನ ನೆನಪೂ

ಪುಸ್ತಕಗಳ ಗುಣದೋಷಗಳನ್ನು ತೂಗುವ ಈ ಪುಟದಲ್ಲಿ ಒಂದು ಹೋಟೆಲಿನ ಮಾತೆತ್ತುವುದು ಕೆಲವು ಓದುಗರಿಗೆ ಅನುಚಿತವೆಂದು ತೋರಬಹುದು. ಅದೂ ಕೋಳಿಯ ಹೋಟೆಲು, ಅದೂ ಕಡಲಾಚೆಯದು. ಆದರೆ ‘ರಸ’ ಎಂಬ ಮಾತನ್ನು ನಮ್ಮ ಕಾವ್ಯಮೀಮಾಂಸಕರು ಅಡಿಗೆಮನೆಯಿಂದಲೇ ಎರವಲು ತಂದರೆಂಬುದನ್ನು ನಾವು ಮರೆಯಬಾರದು. ರಸವೆಂದರೇನೆಂದು ಹೇಳಹೊರಟ ಭರತಮುನಿ, ನಾಟ್ಯಶಾಸ್ತ್ರದಲ್ಲಿ, ನಾನಾ ವ್ಯಂಜನಗಳಿಂದ ಹದಗೊಂಡ ಅನ್ನವನ್ನುಂಡು ಸಂತೋಷಪಡುವವನನ್ನೇ ದೃಷ್ಟಾಂತವಾಗಿ ಕೊಟ್ಟಿದ್ದಾನೆ. ಸಾಲ ತಂದದ್ದನ್ನು ಒಮ್ಮೆಯಾದರೂ ಹಿಂದಿರುಗಿಸುವುದು ಮರ್ಯಾದೆ. ಆದ್ದರಿಂದ ಈ ವಾರ ವಿಮರ್ಶೆಯನ್ನು ಅಡಿಗೆಮನೆಗೆ ಕರೆದುಕೊಂಡು ಹೋಗುತ್ತೇನೆ. ಹಾಗೆ ಮಾಡಲು ನನಗೊಂದು ಕಾರಣವೂ ಉಂಟು. ಅದು ಕೊನೆಗೆ ತಿಳಿದೀತು.

ನಾನು ಸಿಂಗಪುರದಲ್ಲಿ ಕೆಲಸಕ್ಕಿದ್ದ ವರ್ಷಗಳಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕುಳಿತಿದ್ದವರೊಬ್ಬರು ಮಲೇಷ್ಯದ ಮುವಾರ್ ಎಂಬ ಊರಿನವರು. ಮುವಾರ್ ಜೊಹೋರ್ ರಾಜ್ಯದಲ್ಲಿ, ಅದೇ ಹೆಸರಿನ ನದಿ ಸಮುದ್ರವನ್ನು ಸೇರುವಲ್ಲಿದೆ. ಸಿಂಗಪುರದಿಂದ ಸುಮಾರು 180 ಕಿಲೋಮೀಟರು ದೂರ. ಗೆಳೆಯರು ಮೂವತ್ತು ವರ್ಷ ಸಿಂಗಪುರದಲ್ಲಿ ದುಡಿದರೂ ‘ಊರು’ ಎಂದರೆ ಅವರಿಗೆ ಮುವಾರೇ. ‘ಊಟ’ ಎಂದರೆ ಆ ಊರಿನ ಒಂದು ಮೂಲೆಯಂಗಡಿಯ ಹೈನಾನ್ ಕೋಳಿ ಅನ್ನವೇ. ಕಛೇರಿಯ ಮಧ್ಯಾಹ್ನದ ಬಿಡುವಿನಲ್ಲಿ ನಾವು ಎಲ್ಲಿ ಏನು ತಿಂದರೂ ಅವರು ಒಂದು ತುತ್ತು ನುಂಗಿ, ತಲೆಯಾಡಿಸಿ, “ನಮ್ಮೂರಿನದರ ಹಾಗಿಲ್ಲ” ಎನ್ನುತ್ತಿದ್ದರು. ಹತ್ತು ಸಲ ಕೇಳಿ ಸಹಿಸಿದೆ. ಹನ್ನೊಂದನೆಯ ಸಲ, “ಹಾಗಾದರೆ ಕರೆದುಕೊಂಡು ಹೋಗಿ” ಎಂದೆ. ಅದು 2012ನೆಯ ಇಸವಿ.

ಅಲ್ಲಿಗೆ ಹೋಗುವ ಮುನ್ನ ಈ ತಿನಿಸಿನ ಪೂರ್ವೋತ್ತರವನ್ನು ನಾಲ್ಕು ಮಾತಿನಲ್ಲಿ ಹೇಳುವುದು ಅವಶ್ಯ. ಹೈನಾನ್ ಚೀನಾದ ದಕ್ಷಿಣದ ಕೊನೆಯಲ್ಲಿರುವ ದ್ವೀಪ. 1988ರವರೆಗೆ ಗ್ವಾಂಗ್‌ಡಾಂಗ್ ಪ್ರಾಂತಕ್ಕೆ ಸೇರಿದ್ದು, ಆ ವರ್ಷ ಪ್ರತ್ಯೇಕ ಪ್ರಾಂತವಾಯಿತು. ಅದರ ಈಶಾನ್ಯ ಮೂಲೆಯ ವೆನ್‌ಚಾಂಗ್ ಸೀಮೆಯ ಕೋಳಿ ಹೆಸರಾದದ್ದು. ಈ ದ್ವೀಪದವರು ಮಲಯಾಕ್ಕೂ ಸಿಂಗಪುರಕ್ಕೂ ಬಂದದ್ದು ಉಳಿದ ಚೀನೀಯರಿಗಿಂತ ತಡವಾಗಿ. ಅಷ್ಟರಲ್ಲಿ ದಿನಸಿ, ಬಟ್ಟೆ, ರಬ್ಬರು, ಲೇವಾದೇವಿ ಎಲ್ಲದರಲ್ಲಿಯೂ ಮೊದಲು ಬಂದವರು ಬೇರೂರಿದ್ದರು. ತಡವಾಗಿ ಬಂದವರಿಗೆ ಉಳಿದದ್ದು ಚಾಕರಿ: ಹಡಗುಗಳಲ್ಲಿ, ಬ್ರಿಟಿಷರ ಬಂಗಲೆಗಳಲ್ಲಿ, ಹೋಟೆಲುಗಳಲ್ಲಿ ಅಡಿಗೆಯವರಾಗಿ, ಬಡಿಸುವವರಾಗಿ ಅವರು ಸೇರಿಕೊಂಡರು. ಸಿಂಗಪುರದ ರಾಫಲ್ಸ್ ಹೋಟೆಲಿನಲ್ಲಿ 1915ರ ಸುಮಾರಿಗೆ ‘ಸಿಂಗಪುರ್ ಸ್ಲಿಂಗ್’ ಎಂಬ ಪಾನೀಯವನ್ನು ಹದಗೊಳಿಸಿದ ಙಿಯಾಮ್ ಟಾಂಗ್ ಬೂನ್ ಹೈನಾನಿನವನೇ. ಆ ಹೋಟೆಲಿನ ನೆರೆಯ ಮಿಡ್ಲ್ ರೋಡ್, ಪರ್ವಿಸ್ ಸ್ಟ್ರೀಟ್, ಸಿಯಾ ಸ್ಟ್ರೀಟ್‌ಗಳನ್ನು ಚೀನೀಯರು ಹೈನಾನಿನ ಒಂದನೆಯ, ಎರಡನೆಯ, ಮೂರನೆಯ ಬೀದಿಗಳೆಂದು ಕರೆಯುತ್ತಿದ್ದರು. 1942ರಲ್ಲಿ ಜಪಾನೀಯರು ನುಗ್ಗಿ ಬ್ರಿಟಿಷ್ ಧಣಿಗಳು ಸೆರೆಯಾದಾಗ ಈ ಅಡಿಗೆಯವರ ಅನ್ನಕ್ಕೆ ಕಲ್ಲು ಬಿತ್ತು. ಕೆಲವರು ಬೀದಿಗಿಳಿದು, ತಮ್ಮೂರಿನ ಕೋಳಿ ಅನ್ನವನ್ನು ಮಾರಿ ಬದುಕಿದರು. ವಾಂಗ್ ಯಿ ಗ್ವಾನ್ ಎಂಬ ಬೀದಿ ವ್ಯಾಪಾರಿಯ ಬಳಿ ಕೆಲಸ ಕಲಿತ ಮೋ ಲೀ ಟ್ವೀ, 1940ರ ದಶಕದ ಕೊನೆಯಲ್ಲಿ, ಮಿಡ್ಲ್ ರೋಡಿನಲ್ಲಿ ‘ಸ್ವೀ ಕೀ’ ಎಂಬ ಹೋಟೆಲನ್ನು ತೆರೆದ. 1997ರಲ್ಲಿ ಅದು ಮುಚ್ಚುವವರೆಗೆ ಕೋಳಿ ಅನ್ನವೆಂದರೆ ಸ್ವೀ ಕೀ ಎಂಬಷ್ಟು ಅದು ಪ್ರಸಿದ್ಧವಾಗಿತ್ತು.

ಮದರಾಸಿಗೂ ಮುಂಬಯಿಗೂ ಹೋಗಿ ಹೋಟೆಲಿಟ್ಟ ನಮ್ಮ ಉಡುಪಿಯವರ ಕಥೆ ಇಲ್ಲಿ ನೆನಪಾಗದೆ ಇರದು. ಊರು ಬಿಟ್ಟವನಿಗೇ ಊರಿನ ಹೆಸರು ಬೇಕಾಗುವುದು. ಹೈನಾನಿನಲ್ಲಿದ್ದವನಿಗೆ ಅದು ವೆನ್‌ಚಾಂಗ್ ಕೋಳಿ. ಹೊರಗೆ ಬಂದಮೇಲೆ ‘ಹೈನಾನ್ ಕೋಳಿ ಅನ್ನ’. ಹೊರಗೆ ಬಂದು ಅದು ಬೇರೆಯೇ ಆಯಿತು ಕೂಡ. ದ್ವೀಪದ ಮೂಳೆ ಬಲಿತ ಕೋಳಿಯ ಬದಲು ಎಳೆಯ ಕೋಳಿ ಬಂದಿತು. ಬೆಂದ ಕೋಳಿಯನ್ನು ಮಂಜಿನ ನೀರಿಗಿಳಿಸುವ ಜಾಣತನವನ್ನು ಕ್ಯಾಂಟನಿನವರಿಂದ ಕಲಿತರು. ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ನಿಂಬೆರಸದ ಚಟ್ನಿ ಮಲಯಾ ನೆಲದ ಕೊಡುಗೆ. ಆ ನೆಲ 1965ರಲ್ಲಿ ಎರಡು ದೇಶಗಳಾದ ಮೇಲೆ ತಿನಿಸು ಯಾರದೆಂಬ ವ್ಯಾಜ್ಯ ಬೇರೆ. 2009ರಲ್ಲಿ ಮಲೇಷ್ಯದ ಪ್ರವಾಸೋದ್ಯಮದ ಮಂತ್ರಿಗಳು ಇದನ್ನು ಇತರರು ಅಪಹರಿಸಿದ್ದಾರೆಂದು ಹೇಳಿ ಎರಡೂ ಕಡೆ ಕೋಲಾಹಲವೆದ್ದಿತ್ತು. ಮೂರನೆಯ ಊರಿನಿಂದ ಬಂದ ತಿನಿಸಿಗಾಗಿ ಇಬ್ಬರು ನೆರೆಯವರು ಜಗಳವಾಡುವುದು ನಮ್ಮಲ್ಲಿಯೂ ಅಪರೂಪವೇನಲ್ಲ.

ಇನ್ನು ಆ ಮೂಲೆಯಂಗಡಿ. ಎರಡು ಬೀದಿ ಕೂಡುವಲ್ಲಿ, ಮೇಲೆ ಮನೆ ಕೆಳಗೆ ಅಂಗಡಿಯಾಗಿರುವ ಹಳೆಯ ಕಟ್ಟಡ. ದುಂಡನೆಯ ಅಮೃತಶಿಲೆಯ ಮೇಜುಗಳು, ಬೆನ್ನು ಬಾಗಿದ ಮರದ ಕುರ್ಚಿಗಳು, ತಲೆಯ ಮೇಲೆ ನಿಧಾನವಾಗಿ ತಿರುಗುವ ಪಂಖ. ಸಕ್ಕರೆ ಹಾಕಿ ಕಪ್ಪಾಗುವಂತೆ ಹುರಿದ ಕಾಫಿಯ ವಾಸನೆ. ಗಾಜಿನ ಪೆಟ್ಟಿಗೆಯೊಳಗೆ ನಾಲ್ಕು ಕೋಳಿಗಳು ಕತ್ತಿಗೆ ಕಾದು ನೇತಾಡುತ್ತಿದ್ದವು. ಅದರ ಹಿಂದೆ, ಬನಿಯನ್ನು ತೊಟ್ಟ ಮುದುಕನೊಬ್ಬ ಹಬೆಯಾಡುವ ಪಾತ್ರೆಯಿಂದ ಅನ್ನವನ್ನು ತೆಗೆದು ಅಂಗೈಯಲ್ಲಿ ಉರುಳಿಸಿ ಉಂಡೆ ಕಟ್ಟುತ್ತಿದ್ದ. ಮಲಾಕ್ಕಾ, ಮುವಾರ್ ಕಡೆಯ ಪದ್ಧತಿ ಅದು. ಅನ್ನವನ್ನು ಉಂಡೆಮಾಡಿಯೇ ಬಡಿಸುತ್ತಾರೆ. ಹೊತ್ತುಕೊಂಡು ಹೋಗಲು ಸುಲಭ, ಬಿಸಿಯೂ ಬೇಗ ಆರದು ಎಂದು ಹಿಂದಿನವರು ಹಾಗೆ ಮಾಡಿದರೆಂದು ಹೇಳುತ್ತಾರೆ. ಗೆಳೆಯರು ಅವನನ್ನು “ಅಂಕಲ್” ಎಂದು ಕರೆದು, ಹೈನಾನ್ ಮಾತಿನಲ್ಲಿ ಏನೋ ಹೇಳಿದರು. ಮುದುಕ ನನ್ನನ್ನು ಒಮ್ಮೆ ನೋಡಿ ನಕ್ಕು, ಮತ್ತೆ ಉಂಡೆಗೆ ಕೈಹಾಕಿದ.

ತಟ್ಟೆ ಬಂದಾಗ ನನಗಾದದ್ದು ನಿರಾಶೆಯೇ ಎಂದು ಒಪ್ಪಿಕೊಳ್ಳಬೇಕು. ಮಂಡ್ಯದ ಕಡೆಯವನು ನಾನು. ಹುರಿದು ಅರೆದ ಮಸಾಲೆಯಲ್ಲಿ ಕುದಿಕುದಿದು ಬಣ್ಣಗಟ್ಟಿದ ನಾಟಿ ಕೋಳಿಯ ಸಾರಿನೊಡನೆ ಬೆಳೆದವನು. ನನ್ನ ಮುಂದಿದ್ದ ಕೋಳಿಯಾದರೋ ಬಿಳಿಚಿಕೊಂಡು, ಮೂಳೆಯ ಬುಡದಲ್ಲಿ ಸ್ವಲ್ಪ ಕೆಂಪಾಗಿ, ತಣ್ಣಗೆ ಮಲಗಿತ್ತು. ಪಕ್ಕದಲ್ಲಿ ಸೌತೆಕಾಯಿ, ನಾಲ್ಕು ಅನ್ನದ ಉಂಡೆ, ಶುಂಠಿ, ಚಟ್ನಿ, ಒಂದು ಬಟ್ಟಲು ತಿಳಿಸಾರು. ಇದೇನು ರೋಗಿಯ ಪಥ್ಯವೇ ಎಂದುಕೊಂಡು ಉಂಡೆಯನ್ನು ಮುರಿದು ಬಾಯಿಗಿಟ್ಟೆ. ಆಮೇಲೆ ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ನಮ್ಮ ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ಈ ಊಟದಲ್ಲಿ ಕೋಳಿ ವಾಚ್ಯ, ಅನ್ನ ಧ್ವನಿ. ಕಣ್ಣಿಗೆ ಕಾಣುವುದು ಕೋಳಿ. ಅದನ್ನು ಕುದಿಯಬಿಡದೆ, ಕುದಿಯುವುದಕ್ಕೆ ಸ್ವಲ್ಪ ಹಿಂದೆಯೇ ನಿಂತ ನೀರಿನಲ್ಲಿ ಎತ್ತಿ ಇಳಿಸಿ ಬೇಯಿಸುತ್ತಾರೆ. ಬೆಂದೊಡನೆ ಮಂಜಿನ ನೀರಿಗೆ ಹಾಕುವುದರಿಂದ ತೊಗಲು ಬಿಗಿದು ಅದರಡಿಯಲ್ಲಿ ರಸ ಲೋಳೆಗಟ್ಟುತ್ತದೆ. ಆದರೆ ಕೋಳಿ ಬಿಟ್ಟುಕೊಟ್ಟದ್ದೆಲ್ಲವೂ ಸೇರುವುದು ಅನ್ನಕ್ಕೆ. ಕೋಳಿಯದೇ ಜಿಡ್ಡನ್ನು ಕರಗಿಸಿ, ಅದರಲ್ಲಿ ಶುಂಠಿ ಬೆಳ್ಳುಳ್ಳಿ ಬಾಡಿಸಿ, ಅಕ್ಕಿಯನ್ನು ಹುರಿದು, ಕೋಳಿ ಬೆಂದ ನೀರನ್ನೇ ಎಸರಿಟ್ಟು, ನಮ್ಮ ಕೇದಗೆಯ ಕುಲದ್ದೇ ಆದ ಪಂಡಾನ್ ಎಲೆಯೊಂದನ್ನು ಗಂಟುಕಟ್ಟಿ ಹಾಕಿ ಬೇಯಿಸುತ್ತಾರೆ. ತಟ್ಟೆಯಲ್ಲಿ ಹೊಳೆಯುವುದು ಒಂದು, ನಾಲಗೆಯಲ್ಲಿ ಉಳಿಯುವುದು ಇನ್ನೊಂದು. ಮಸಾಲೆಯೆಂಬ ಅಲಂಕಾರವಿಲ್ಲದೆ ಬರಿಯ ಹದದ ಮೇಲೆ ನಿಲ್ಲುವ ಅಡಿಗೆ ಇದು. ಇಲ್ಲಿ ಅಡಿಗೆಯವನ ತಪ್ಪನ್ನು ಮುಚ್ಚಲು ಖಾರವೂ ಇಲ್ಲ, ಹುಳಿಯೂ ಇಲ್ಲ.

ಇದು ನನ್ನೊಬ್ಬನ ಅಭಿಪ್ರಾಯವೆಂದು ಓದುಗರು ತಳ್ಳಿಹಾಕದಿರಲೆಂದು ಇನ್ನೊಬ್ಬ ವಿಮರ್ಶಕರ ಮಾತನ್ನೂ ಸೇರಿಸುತ್ತೇನೆ. 2016ರಲ್ಲಿ ನನ್ನ ತಾಯಿ ಸಿಂಗಪುರಕ್ಕೆ ಬಂದಿದ್ದರು. ಗೆಳೆಯರು ಊರಿಗೆ ಹೊರಟಿದ್ದ ಒಂದು ವಾರ ನಾವಿಬ್ಬರೂ ಜೊತೆಗೂಡಿದೆವು. ಅಮ್ಮ ತಟ್ಟೆಯನ್ನು ಸುತ್ತಲೂ ನೋಡಿ, “ಇದೇನ್ ಮಗಾ, ಕೋಳೀಗೆ ನೀರ್ ಹುಯ್ದು ಮಡಗವ್ರೆ, ಬೇಯ್ಸೋದ್ನ ಮರ್ತ್‌ಬುಟ್ರಾ?” ಎಂದರು. ಕೋಳಿಯನ್ನು ನನ್ನ ಕಡೆಗೆ ಸರಿಸಿದರು. ಆದರೆ ಉಂಡೆ ಅವರ ಕಣ್ಣಿಗೆ ಬಿದ್ದಿತ್ತು. “ಮುದ್ದೆ ಕಟ್ಟಿದ್ಹಂಗೇ ಕಟ್ಟವ್ರಲ್ಲ” ಎಂದು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡರು. ಇನ್ನೊಂದನ್ನು ತೆಗೆದುಕೊಂಡರು. “ಅನ್ನದೊಳ್ಗೇ ಸಾರು ಕುಂತದೆ ಕಣ್ಮಗಾ. ಮಾಡ್ದೋನು ಗಟ್ಟಿಗ” ಎಂದರು. ಅಲಂಕಾರಶಾಸ್ತ್ರದ ನೆರವಿನಿಂದ ನಾನು ಒಂದು ಪರಿಚ್ಛೇದದಲ್ಲಿ ಹೇಳಿದ್ದನ್ನು ಅವರು ಮೂರು ಮಾತಿನಲ್ಲಿ ಮುಗಿಸಿದರು. ಮೂರನೆಯ ಉಂಡೆಗೆ ಕೈಯಿಟ್ಟಾಗ ಮುದುಕನೇ ಬಂದು ಅದನ್ನು ತೆಗೆದು, ಆಗತಾನೆ ಕಟ್ಟಿದ ಬಿಸಿ ಉಂಡೆಯನ್ನು ಅಲ್ಲಿಟ್ಟ. ಅಮ್ಮನಿಗೆ ಅದು ಚೆನ್ನಾಗಿ ಅರ್ಥವಾಯಿತು. “ಹೂಂ ಮತ್ತೆ, ಮುದ್ದೆ ಆರೋದ್ರೆ ಕಲ್ಲು” ಎಂದು ಕನ್ನಡದಲ್ಲಿಯೇ ಅವನಿಗೆ ಹೇಳಿದರು. ಅವನೂ ಒಪ್ಪಿದವನಂತೆ ತಲೆಯಾಡಿಸಿದ.

ಈ ಪ್ರಸಂಗದಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಅಮ್ಮನಿಗೆ ಆ ಊರಿನ ನೆನಪಿಲ್ಲ. ಆ ತಿನಿಸಿನೊಡನೆ ಹಳೆಯ ನಂಟೂ ಇಲ್ಲ. ಹಾಗಿದ್ದೂ ಅವರ ತೀರ್ಪು ಗೆಳೆಯರ ತೀರ್ಪಿಗೆ ಹತ್ತಿರವಾಯಿತು. ಎಂದಮೇಲೆ ಆ ಮುದುಕನ ಅನ್ನ ಚೆನ್ನಾಗಿದ್ದದ್ದು ಗೆಳೆಯರ ಬಾಲ್ಯದ ದೆಸೆಯಿಂದಲ್ಲ, ಅನ್ನದ ದೆಸೆಯಿಂದಲೇ. ಇಷ್ಟು ಸರಳವಾದ ಮಾತು ಮುಂದೆ ಎಷ್ಟು ತೊಡಕಾಯಿತೆಂಬುದೇ ಈ ಲೇಖನದ ವಿಷಯ.

2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ಕಾರಣ ಗಡಿ ಮುಚ್ಚಿತು. ಸಿಂಗಪುರಕ್ಕೂ ಜೊಹೋರಿಗೂ ನಡುವೆ ಇರುವುದು ಒಂದು ಕಿಲೋಮೀಟರಿನಷ್ಟು ಸೇತುರಸ್ತೆ. 2022ರ ಏಪ್ರಿಲ್ 1ರಂದು ಅದು ಎಂದಿನಂತೆ ತೆರೆಯುವವರೆಗೆ ಎರಡು ವರ್ಷ ಆ ಒಂದು ಕಿಲೋಮೀಟರು ಸಾಗರಕ್ಕಿಂತ ದೊಡ್ಡದಾಗಿತ್ತು. 2021ರಲ್ಲಿ ಮುದುಕ ತೀರಿಕೊಂಡ. ಗೆಳೆಯರು ಅವನ ಅಂತ್ಯಕ್ರಿಯೆಯನ್ನು ಕೈಯ ಫೋನಿನಲ್ಲಿ ನೋಡಿದರು. 2022ರ ಜೂನ್ 1ರಿಂದ ಮಲೇಷ್ಯ ಕೋಳಿಗಳ ರಫ್ತನ್ನು ನಿಲ್ಲಿಸಿತು. ತಿಂಗಳಿಗೆ 36 ಲಕ್ಷ ಕೋಳಿಗಳಷ್ಟು. ತನ್ನ ಕೋಳಿಯಲ್ಲಿ ಮೂರನೆಯ ಒಂದು ಪಾಲನ್ನು ಅಲ್ಲಿಂದಲೇ ತರಿಸುತ್ತಿದ್ದ ಸಿಂಗಪುರದಲ್ಲಿ ಕೋಳಿ ಅನ್ನದ ಅಂಗಡಿಗಳ ಮುಂದೆ ಜನ ಸಾಲುಗಟ್ಟಿದರು. ಹೆಪ್ಪುಗಟ್ಟಿಸಿದ ಕೋಳಿಯಿಂದ ಈ ತಿನಿಸು ಆಗದೆಂದು ಹಲವರು ದುಃಖಿಸಿದರು. ಬೇಯಿಸುವ ಕೋಳಿ ಅಕ್ಟೋಬರಿನಲ್ಲಿ ಮತ್ತೆ ಬರತೊಡಗಿತು.

ಗಡಿ ತೆರೆದ ಮೇಲೆ ಗೆಳೆಯರು ಊರಿಗೆ ಹೋಗಿಬಂದರು. ಅಂಗಡಿಯನ್ನು ಮುದುಕನ ಮಗ ನಡೆಸುತ್ತಿದ್ದ. ಅವನು ತಟ್ಟೆಯನ್ನು ತಂದಿಟ್ಟು, ಹೇಗಿದೆಯೆಂದು ಕೇಳಿದನಂತೆ. ಗೆಳೆಯರು ಕಣ್ಣೀರು ತುಂಬಿಕೊಂಡು, “ನಿನ್ನ ತಂದೆಯ ಕೈರುಚಿಯೇ” ಎಂದರಂತೆ. ಇದನ್ನು ನನಗೆ ಹೇಳಿದವರೇ, ಒಂದು ಗಳಿಗೆ ಬಿಟ್ಟು, “ಅದಲ್ಲ. ಅದು ಹೋಯಿತು” ಎಂದರು. “ಹಾಗಾದರೆ ಅವನಿಗೇಕೆ ಸುಳ್ಳು ಹೇಳಿದಿರಿ?” ಎಂದೆ. “ತಂದೆ ಸತ್ತ ಮಗನಿಗೆ ಇನ್ನೇನು ಹೇಳಲಿ?” ಎಂದರು. ಆಗ ನನಗೂ ಅದು ಸರಿಯೆನಿಸಿತು.

2023ರ ಏಪ್ರಿಲ್‌ನಲ್ಲಿ, ಹಿರಿಯರ ಸಮಾಧಿಗಳನ್ನು ಗುಡಿಸಿ ಪೂಜಿಸುವ ಚೀನೀ ಹಬ್ಬದ ದಿನಗಳಲ್ಲಿ, ನಾನು ಗೆಳೆಯರೊಡನೆ ಮತ್ತೆ ಮುವಾರಿಗೆ ಹೋದೆ. ಅವರು ನೆಂಟರೊಡನೆ ಸಮಾಧಿಗೆ ಹೋದರು. ನಾನು ಅಂಗಡಿಯಲ್ಲಿ ಕುಳಿತೆ. ಭಾನುವಾರ. ಹಿಂದೆ ಆರೇಳು ಜನ ಕೂರುತ್ತಿದ್ದಲ್ಲಿ ಈಗ ಬೀದಿಯವರೆಗೆ ಸಾಲು. ಕ್ವಾಲಾಲಂಪುರದಿಂದ, ಸಿಂಗಪುರದಿಂದ, ‘ಹಳೆಯ ರುಚಿ’ಯನ್ನು ಹುಡುಕಿಕೊಂಡು ಬಂದವರು. ಅಮೃತಶಿಲೆಯ ಮೇಜಿನ ಚಿತ್ರ ತೆಗೆದುಕೊಂಡರು. ಪಂಖದ ಚಿತ್ರ ತೆಗೆದುಕೊಂಡರು. ಮುದುಕನ ಭಾವಚಿತ್ರದ ಚಿತ್ರವನ್ನೂ ತೆಗೆದುಕೊಂಡರು. ನನ್ನ ತಟ್ಟೆ ಬಂತು. ಚಟ್ನಿ ಹಿಂದಿನದಕ್ಕಿಂತ ಚೂಪಾಗಿತ್ತು, ಮೆಚ್ಚಿದೆ. ಕೋಳಿ ತಣ್ಣಗಿರುವುದು ಬೇರೆ, ಶೀತಲಪೆಟ್ಟಿಗೆಯಿಂದ ಬಂದಂತಿರುವುದು ಬೇರೆ, ಇದು ಎರಡನೆಯದು. ಉಂಡೆಗಳು ಒಂದೇ ಅಚ್ಚಿನವು, ಸಾಲಾಗಿ ಜೋಡಿಸಿಟ್ಟವು. ಹೊರಮೈ ಒಣಗಿತ್ತು, ಒಳಗೆ ಆರಿತ್ತು. ಅಮ್ಮನ ಮಾತು ನೆನಪಾಯಿತು.

ಜನ ಕರಗಿದ ಮೇಲೆ ಮಗ ಬಂದು ಕುಳಿತ. ನಲವತ್ತರ ಆಸುಪಾಸಿನವನು. ಹೇಗಿತ್ತೆಂದು ಕೇಳಿದ. ನಾನು ಮಾತು ಹುಡುಕುತ್ತಿದ್ದುದನ್ನು ಕಂಡು, ಅವನೇ ಹೇಳಿದ: “ಬರುವವರಲ್ಲಿ ಅರ್ಧ ಜನ ‘ತಂದೆಯ ಹಾಗೆಯೇ’ ಎನ್ನುತ್ತಾರೆ. ಅರ್ಧ ಜನ ‘ತಂದೆಯ ಹಾಗಿಲ್ಲ’ ಎನ್ನುತ್ತಾರೆ. ಉಪ್ಪು ಕಡಿಮೆಯಾಯಿತೇ ಹೆಚ್ಚಾಯಿತೇ ಎಂದು ಹೇಳಿದವರನ್ನು ನಾನು ಈ ಮೂರು ವರ್ಷದಲ್ಲಿ ಕಾಣೆ.”

ಓದುಗರೇ, ಇಪ್ಪತ್ತು ವರ್ಷಗಳಿಂದ ಪುಸ್ತಕಗಳ ಬಗ್ಗೆ ಬರೆಯುತ್ತಿರುವ ನನಗೆ ಆ ಮಾತು ತಾಗಿದಷ್ಟು ಇನ್ನೊಂದು ತಾಗಿಲ್ಲ. ಹೊಸ ಕವಿಯ ಸಂಗ್ರಹ ಕೈಗೆ ಬಂದಾಗ ನಾವು ಮಾಡುವುದಾದರೂ ಏನು? ‘ಹಿರಿಯರ ಪರಂಪರೆಯನ್ನು ಮುಂದುವರಿಸಿದ್ದಾರೆ’ ಎಂದು ಬೆನ್ನು ತಟ್ಟುತ್ತೇವೆ. ಇಲ್ಲವೇ ‘ಹಿರಿಯರ ಸತ್ತ್ವ ಇಲ್ಲಿಲ್ಲ’ ಎಂದು ನಿಟ್ಟುಸಿರು ಬಿಡುತ್ತೇವೆ. ಎರಡರಲ್ಲಿಯೂ ನಾವು ಮಾತನಾಡುತ್ತಿರುವುದು ನಮ್ಮ ನೆನಪಿನ ವಿಷಯವೇ ಹೊರತು ಮುಂದಿರುವ ಕವಿತೆಯ ವಿಷಯವಲ್ಲ. ಮೂರನೆಯ ಪದ್ಯದ ಲಯ ಎಲ್ಲಿ ಮುರಿಯಿತೆಂದು ಹೇಳಲು ಬಿಡುವೂ ಇಲ್ಲ, ಧೈರ್ಯವೂ ಇಲ್ಲ. ಮೆಚ್ಚಿಗೆಯಾದರೆ ಅದು ನಮ್ಮ ಔದಾರ್ಯ, ತೆಗಳಿಕೆಯಾದರೆ ಅದು ನಮ್ಮ ಅಭಿರುಚಿಯ ಎತ್ತರ. ಬರೆದವನಿಗೆ ದಕ್ಕುವುದು ಏನೂ ಇಲ್ಲ.

ಇದು ಹೋಟೆಲಿಗೂ ಕವಿತೆಗೂ ಮಾತ್ರ ಅಂಟಿದ ರೋಗವಲ್ಲ. ಈ ತಿನಿಸಿನ ಮೇಲೆ ಸಿಂಗಪುರದಲ್ಲಿ ಕಥೆ ಹೂಡಿದ ಎರಡು ಚಿತ್ರಗಳನ್ನು ನಾನು ನೋಡಿದ್ದೇನೆ. 2000ದಲ್ಲಿ ಬಂದ ‘ಚಿಕನ್ ರೈಸ್ ವಾರ್’ನಲ್ಲಿ ಅಕ್ಕಪಕ್ಕದ ಎರಡು ಅಂಗಡಿಗಳ ಕುಟುಂಬಗಳಿಗೆ ಹಗೆ; ಮಕ್ಕಳು ರೋಮಿಯೋ ಜೂಲಿಯೆಟ್ಟರ ಪಾತ್ರ ವಹಿಸುತ್ತಾರೆ. ಲವಲವಿಕೆಯ ಅಣಕ ಅದು. 2004ರ ‘ರೈಸ್ ರ್‍ಯಾಪ್ಸಡಿ’ಯಲ್ಲಿ ಸಿಲ್ವಿಯಾ ಚಾಂಗ್ ಕೋಳಿ ಅನ್ನದ ಹೋಟೆಲು ನಡೆಸುವ ತಾಯಿ, ಹಿರಿಯ ಮಕ್ಕಳಿಬ್ಬರ ಒಲವು ಗಂಡಸರ ಕಡೆಗೆಂದು ತಿಳಿದ ಮೇಲೆ ಕಿರಿಯವನ ಬಗ್ಗೆ ಅವಳಿಗೆ ದಿಗಿಲು. ಬಾತುಕೋಳಿ ಅನ್ನ ಮಾರುವ ನೆರೆಯವನಾಗಿ, ನಿಜಜೀವನದಲ್ಲಿಯೂ ಪಾಕಪ್ರವೀಣನಾದ ಮಾರ್ಟಿನ್ ಯಾನ್ ನಟಿಸಿದ್ದಾನೆ. ಚಾಂಗ್ ಅವರ ಅಭಿನಯದಲ್ಲಿ ತಾಯಿಯ ಸಂಕಟ ನಿಜವಾಗಿ ಮೂಡಿದೆ. ಆದರೆ ಎರಡರಲ್ಲಿಯೂ ಕೋಳಿ ಅನ್ನ ಮನೆತನದ ಲಾಂಛನವಾಗಿಯೇ ನನಗೆ ಕಂಡಿತು. ಬಾವುಟಕ್ಕೆ ವಂದಿಸುತ್ತಾರೆ, ಬಾವುಟದ ನೆಯ್ಗೆ ಬಿಗಿಯಾಗಿದೆಯೇ ಎಂದು ಯಾರೂ ಎಳೆದು ನೋಡುವುದಿಲ್ಲ. ಬೀದಿ ವ್ಯಾಪಾರಿಗಳನ್ನು ಸೂರಿನಡಿಗೆ ತಂದು ಕೂರಿಸಿದ ಸಿಂಗಪುರದ ಊಟದಂಗಡಿಗಳ ಸಂಸ್ಕೃತಿ 2020ರ ಡಿಸೆಂಬರಿನಲ್ಲಿ ಯುನೆಸ್ಕೋದ ಪಟ್ಟಿಗೆ ಸೇರಿತು. ಸಂತೋಷವೇ. ಆದರೆ ಪಟ್ಟಿಗೆ ಸೇರಿದ ಅನ್ನವೂ ಹೊತ್ತಿಗೆ ಸರಿಯಾಗಿ ಬೇಯಬೇಕು.

ಮುವಾರಿಗೆ ಹಿಂದಿರುಗೋಣ. ನಾನು ಮಗನಿಗೆ ನಿಜ ಹೇಳಿದೆ. “ಚಟ್ನಿ ನಿಮ್ಮ ತಂದೆಯದಕ್ಕಿಂತ ಚೆನ್ನಾಗಿದೆ. ಕೋಳಿಗೆ ಚಳಿಯಾಗಿದೆ. ಉಂಡೆ ಆರಿದೆ” ಎಂದೆ. ಮುದ್ದೆಯ ಬಗ್ಗೆ ನನ್ನ ತಾಯಿ ಹೇಳಿದ್ದನ್ನೂ ಹೇಳಿದೆ. ಅವನು ಬೇಸರಪಡಲಿಲ್ಲ, ಕೈಗಳೆರಡನ್ನೂ ಮೇಜಿನ ಮೇಲೆ ಅಂಗಾತ ಇಟ್ಟ. ನುಣ್ಣಗಿದ್ದ ಕೈಗಳು. “ತಂದೆಯ ಅಂಗೈಯಲ್ಲಿ ರೇಖೆಯೇ ಇರಲಿಲ್ಲ. ಅನ್ನ ಬಿಸಿಯಿರುವಾಗಲೇ ಕಟ್ಟಬೇಕು, ಕೈ ಸುಡುತ್ತದೆ. ದಿನಕ್ಕೆ ಎಂಬತ್ತು ತಟ್ಟೆಯಾದರೆ ನಾನೂ ಕಟ್ಟಿಯೇನು. ಭಾನುವಾರ ಮುನ್ನೂರು ಆಗುತ್ತದೆ. ಬೆಳಗಿನ ಎಂಟಕ್ಕೇ ಅಚ್ಚಿನಲ್ಲಿ ಒತ್ತಿಡುತ್ತೇನೆ” ಎಂದ.

ಆಗ ನನಗೆ ಹೊಳೆದದ್ದು ಇದು: ಹಳೆಯ ರುಚಿಯನ್ನು ಕೆಡಿಸುತ್ತಿದ್ದವನು ಮಗನಲ್ಲ, ಹಳೆಯ ರುಚಿಯನ್ನು ಹುಡುಕಿಕೊಂಡು ಬಂದ ನಾವು. ಮುದುಕ ತಟ್ಟೆಯಲ್ಲಿ ಆರಿದ ಉಂಡೆಯನ್ನು ತೆಗೆದು ಬಿಸಿಯದನ್ನು ಇಡಲು ಅವನಿಗೆ ಬಿಡುವಿತ್ತು, ಏಕೆಂದರೆ ಅಂಗಡಿ ಅರ್ಧ ಖಾಲಿಯಿತ್ತು. ನೆನಪು ಗಿರಾಕಿಗಳನ್ನು ತಂದಿತು. ಗಿರಾಕಿಗಳು ಅಚ್ಚನ್ನು ತಂದರು. ಬಂದವರೆಲ್ಲರೂ ‘ತಂದೆಯ ಹಾಗೆಯೇ’ ಎಂದು ಹೊಗಳಿ ಹೋದದ್ದರಿಂದ ಅಚ್ಚಿನಲ್ಲಿ ದೋಷವಿದೆಯೆಂದು ಅವನಿಗೆ ತಿಳಿಯುವ ದಾರಿಯೂ ಮುಚ್ಚಿಹೋಯಿತು. ತಂದೆ ಸತ್ತ ಮಗನಿಗೆ ಗೆಳೆಯರು ಹೇಳಿದ ಸುಳ್ಳು ಕನಿಕರದಿಂದ ಹುಟ್ಟಿದ್ದೇ ಸರಿ. ಆದರೆ ಅವನು ಮೂರು ವರ್ಷ ಒಬ್ಬನೇ, ತಪ್ಪನ್ನು ತೋರಿಸುವವರಿಲ್ಲದೆ, ಬೇಯಿಸಬೇಕಾಯಿತು. ಅದು ಕನಿಕರವಲ್ಲ.

ನಾನು ಕೊನೆಯ ಸಲ ಅಲ್ಲಿಗೆ ಹೋದದ್ದು 2024ರಲ್ಲಿ, ಸಿಂಗಪುರವನ್ನು ಬಿಟ್ಟು ಬರುವ ಮುನ್ನ. ಭಾನುವಾರಗಳಲ್ಲಿ ಮಗ ಉಂಡೆ ಕಟ್ಟುವುದನ್ನೇ ನಿಲ್ಲಿಸಿದ್ದ. ಅನ್ನವನ್ನು ಪಾತ್ರೆಯಿಂದ ನೇರವಾಗಿ ತಟ್ಟೆಗೆ, ಹಬೆಯಾಡುತ್ತಿರುವಂತೆಯೇ, ಬಡಿಸುತ್ತಿದ್ದ. ವಾರದ ಉಳಿದ ದಿನಗಳಲ್ಲಿ, ಕೇಳಿದವರಿಗೆ, ಕೈಯಲ್ಲಿ ಕಟ್ಟಿದ ಉಂಡೆ. ಕೋಳಿಯನ್ನು ಸ್ವಲ್ಪ ಸ್ವಲ್ಪವೇ ಬೇಯಿಸಿ, ತೂಗುಹಾಕಿ, ಕತ್ತರಿಸುತ್ತಿದ್ದ. ಮುಗಿದರೆ ಮುಗಿಯಿತು, ಬಾಗಿಲು ಹಾಕಿದ. ಕೆಲವರು ಕೋಪಗೊಂಡು, ಉಂಡೆಯಿಲ್ಲದ ಮೇಲೆ ಸಂಪ್ರದಾಯ ಎಲ್ಲಿ ಉಳಿಯಿತೆಂದು ಕೇಳಿ ಹೊರಟುಹೋದರಂತೆ. ಕೋಪಗೊಂಡವರಲ್ಲಿ ನನ್ನ ಗೆಳೆಯರೂ ಒಬ್ಬರು. “ಉಂಡೆಯಿಲ್ಲದಿದ್ದರೆ ಅದು ಮುವಾರೇ ಅಲ್ಲ. ನೀವೇ ಅವನ ತಲೆ ಕೆಡಿಸಿದಿರಿ” ಎಂದು ನನ್ನ ಮೇಲೂ ಹರಿಹಾಯ್ದರು. ಹಿಂದಿರುಗುವ ದಾರಿಯ ಮೂರು ಗಂಟೆಯಲ್ಲಿ ಅರ್ಧ ದಾರಿ ಮೌನವೇ.

ಅವರ ಕೋಪ ನನಗೆ ಅರ್ಥವಾಗದೆ ಇಲ್ಲ. ತಂದೆಯಿಲ್ಲ, ತಾಯಿಯಿಲ್ಲ, ಹುಟ್ಟಿದ ಮನೆ ಮಾರಿಹೋಗಿದೆ. ಊರಿನಲ್ಲಿ ಅವರಿಗೆ ಉಳಿದದ್ದು ಆ ದುಂಡನೆಯ ಅನ್ನ. ಅದರ ಆಕಾರವೂ ಹೋದರೆ ಗಡಿ ದಾಟಿ ಏಕೆ ಹೋಗಬೇಕು? ನಮ್ಮೂರಿನ ಬಸ್ ನಿಲ್ದಾಣದ ಎದುರಿಗಿದ್ದ ಹೋಟೆಲು ಮುಚ್ಚಿದಾಗ ನಾನೂ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಅಲ್ಲಿನ ದೋಸೆ ಚೆನ್ನಾಗಿತ್ತೆಂದು ಈಗ ಪ್ರಮಾಣ ಮಾಡಿ ಹೇಳಲಾರೆ. ನೆನಪಿಗೆ ತನ್ನ ಹಕ್ಕಿದೆ. ಹಳೆಯದು ಹೇಗಿತ್ತೆಂದು ಹೇಳಲು ಅದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಗೆಳೆಯರು ನೆನಪಿಟ್ಟುಕೊಳ್ಳದಿದ್ದರೆ, ಮುದುಕ ಉಂಡೆಯನ್ನು ಬಿಸಿಬಿಸಿಯಾಗಿ ಇಡುತ್ತಿದ್ದನೆಂಬುದು ಮಗನಿಗೆ ಬಿಟ್ಟು ಇನ್ನಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಸಾಕ್ಷಿಯನ್ನೇ ಪೀಠದ ಮೇಲೆ ಕೂರಿಸಿ ತೀರ್ಪು ಕೇಳಬಾರದು. ಕೂರಿಸಿದರೆ ಅದು ಆಕಾರವನ್ನು ಹಿಡಿದು ಬಿಸಿಯನ್ನು ಬಿಡುತ್ತದೆ. ಉಂಡೆಯಿದ್ದರೆ ಸಾಕು, ಆರಿದ್ದರೂ ಚಿಂತೆಯಿಲ್ಲ ಎನ್ನುತ್ತದೆ. ತಂದೆಯ ಸಂಪ್ರದಾಯ ಉಂಡೆಯೋ, ಬಿಸಿಯೋ ಎಂಬ ಪ್ರಶ್ನೆ ಬಂದಾಗ ಮಗ ಬಿಸಿಯನ್ನು ಆರಿಸಿಕೊಂಡ. ಉಂಡೆ ಹುಟ್ಟಿದ್ದೇ ಬಿಸಿ ಆರದಿರಲೆಂದು ಎಂಬ ಮಾತು ನಿಜವಾದರೆ, ಹೆಚ್ಚು ಸಂಪ್ರದಾಯನಿಷ್ಠನಾದವನು ಅವನೇ.

ಇನ್ನು ತೀರ್ಪು. ಆ ಅಂಗಡಿಯ ಅನ್ನ ಇಂದು ಬಹಳ ಚೆನ್ನಾಗಿದೆ. ಶುಂಠಿ ಇನ್ನೊಂದು ಚೂರು ಇರಬಹುದು. ಕೋಳಿ ಚೆನ್ನಾಗಿದೆ, ಮುದುಕನ ಕೋಳಿಯ ತೊಗಲು ಇನ್ನೂ ಬಿಗಿಯಾಗಿರುತ್ತಿತ್ತು, ಇದು ನನ್ನ ನೆನಪಿನ ಸಾಕ್ಷ್ಯ. ಚಟ್ನಿ ಉತ್ತಮ. ತಿಳಿಸಾರು ಸಪ್ಪೆ, ಇದನ್ನೂ ಮಗನಿಗೆ ಹೇಳಿಬಂದಿದ್ದೇನೆ. ಆ ಕಡೆ ಹೋಗುವ ಓದುಗರು ಭಾನುವಾರವನ್ನು ಬಿಟ್ಟು, ಬೆಳಗಿನ ಹನ್ನೊಂದರೊಳಗೆ ಹೋಗಿ, ಕೈಯಲ್ಲಿ ಕಟ್ಟಿದ ಉಂಡೆಯನ್ನು ಕೇಳಲಿ. ಚಿತ್ರ ತೆಗೆಯುತ್ತ ಕೂರದೆ ಕೂಡಲೇ ತಿನ್ನಲಿ. ಅಂಗಡಿಯವನು ಬಂದು ಹೇಗಿದೆಯೆಂದು ಕೇಳಿದರೆ, ದಯವಿಟ್ಟು ಅವನ ತಂದೆಯ ಮಾತನ್ನೆತ್ತದೆ, ಉಪ್ಪಿನ ಮಾತನ್ನು ಹೇಳಲಿ.